ಸಸ್ಯಜನ್ಯ ಫ್ಲೇವನಾಯ್ಡ್‌ಗಳು ಮತ್ತು ಮೂಳೆಯ ಕ್ಯಾನ್ಸರ್: ಉದ್ಯಮಿಗಳು ತಿಳಿಯಬೇಕಾದ ಅಂಶಗಳು

ನರಸಾಪುರವು ಇಂದು ಕೈಗಾರಿಕಾ ಪ್ರದೇಶವೆಂದು ಹೆಸರಾಗಿದ್ದರೂ, ಕೋಲಾರ ಜಿಲ್ಲೆಯ ಆರ್ಥಿಕತೆಗೆ ಹಿಪ್ಪುನೇರಳೆ, ಟೊಮೆಟೊ ಮತ್ತು ಮಾವು ಇಂದಿಗೂ ಆಧಾರವಾಗಿವೆ. ಹಿಪ್ಪುನೇರಳೆ ಸೊಪ್ಪಿನಲ್ಲಿ ರುಟಿನ್, ಈರುಳ್ಳಿಯಲ್ಲಿ ಕ್ವೆರ್ಸೆಟಿನ್ ಮುಂತಾದ ಫ್ಲೇವನಾಯ್ಡ್‌ಗಳಿವೆ. ಇವುಗಳ ಸಾರ ತೆಗೆದು 'ಕ್ಯಾನ್ಸರ್ ನಿರೋಧಕ' ಎಂದು ಮಾರಬಹುದೆಂಬ ಸಲಹೆ ಸಣ್ಣ ತಯಾರಕರಿಗೆ ಆಕರ್ಷಕವಾಗಿ ಕಾಣುವುದು ಸಹಜ. ಬಂಡವಾಳ ಹೂಡುವ ಮುನ್ನ ವಸ್ತುಸ್ಥಿತಿಯನ್ನು ಪರಿಶೀಲಿಸುವುದು ಅಗತ್ಯ.

ವಿಜ್ಞಾನ ಹೇಳುವುದೇನು?

ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಪ್ರಮುಖವಾದುದು ಆಸ್ಟಿಯೋಸಾರ್ಕೋಮ. ಇದು ಹೆಚ್ಚಾಗಿ ಹದಿಹರೆಯದವರಲ್ಲಿ, ಮೊಣಕಾಲಿನ ಸಮೀಪ ಕಾಣಿಸಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆ ಹಾಗೂ ಕೀಮೋಥೆರಪಿ ಇದರ ಸ್ಥಾಪಿತ ಚಿಕಿತ್ಸೆಗಳು. ಕ್ವೆರ್ಸೆಟಿನ್, ಎಪಿಜೆನಿನ್, ಜೆನಿಸ್ಟೀನ್ ಮೊದಲಾದವು ಪ್ರಯೋಗಾಲಯದಲ್ಲಿ ಈ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ಕುಗ್ಗಿಸಿ, ಅವು ತಾವಾಗಿಯೇ ಸಾಯುವಂತೆ ಮಾಡಿರುವುದು ನಿಜ. ಆದರೆ ಸೇವಿಸಿದ ಫ್ಲೇವನಾಯ್ಡ್‌ನ ಅಲ್ಪಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಗಾಜಿನ ತಟ್ಟೆಯಲ್ಲಿ ಬಳಸಿದ ಪ್ರಮಾಣ ದೇಹದಲ್ಲಿ ದೊರೆಯುವುದು ಕಷ್ಟ. ಸಾಂದ್ರಿತ ಸಾರಗಳು ಇತರ ಔಷಧಿಗಳ ಪರಿಣಾಮವನ್ನು ಏರುಪೇರು ಮಾಡುವ ಸಾಧ್ಯತೆಯೂ ಉಂಟು. ಮೂಳೆಯ ಕ್ಯಾನ್ಸರ್‌ಗೆ ಯಾವ ಫ್ಲೇವನಾಯ್ಡ್ ಕೂಡ ಇದುವರೆಗೆ ಮಾನ್ಯ ಔಷಧವಾಗಿಲ್ಲ.

ಕರ್ನಾಟಕದ ಒಂದು ನಿದರ್ಶನ

ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ, ಬೇವಿನ ಕುಟುಂಬಕ್ಕೆ ಸೇರಿದ ಡೈಸಾಕ್ಸೈಲಂ ಮರದ ತೊಗಟೆಯಲ್ಲಿ ರೋಹಿಟುಕಿನ್ ಎಂಬ ವಸ್ತುವಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಈ ಮರವನ್ನು ಅಧ್ಯಯನ ಮಾಡಿದ್ದಾರೆ. ರೋಹಿಟುಕಿನ್‌ನ ರಚನೆಯನ್ನು ಆಧರಿಸಿ ಫ್ಲೇವೊಪಿರಿಡಾಲ್ ಎಂಬ ಸಂಶ್ಲೇಷಿತ ಫ್ಲೇವನಾಯ್ಡ್ ಸಿದ್ಧವಾಯಿತು. 1990ರ ದಶಕದಲ್ಲೇ ಅದರ ಮಾನವ ಪರೀಕ್ಷೆ ಆರಂಭವಾಯಿತು. 2014ರಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಸಂಬಂಧಿಸಿ ಅಮೆರಿಕದಲ್ಲಿ 'ಅನಾಥ ಔಷಧ' ಸ್ಥಾನಮಾನವೂ ದೊರೆಯಿತು. ಆದರೂ ಮಾರಾಟದ ಮಂಜೂರಾತಿ ದೊರೆತಿಲ್ಲ. ದೊಡ್ಡ ಕಂಪನಿಗಳಿಗೇ ದಶಕಗಳು ಸಾಲದ ಹಾದಿಯನ್ನು ಸಣ್ಣ ಘಟಕವೊಂದು ಒಂದು ಲೇಬಲ್‌ನಿಂದ ಕ್ರಮಿಸಲಾರದು.

ಕಾನೂನು ಮತ್ತು ಲೆಕ್ಕ

ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆ, 1954ರ ಅನುಸೂಚಿಯಲ್ಲಿ ಕ್ಯಾನ್ಸರ್ ಸೇರಿದೆ. ಅದನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದು ಅಪರಾಧ. ಮೊದಲ ಬಾರಿಗೆ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ವಿಧಿಸಬಹುದು. ಪುನರಾವರ್ತನೆಯಾದರೆ ಸೆರೆವಾಸ ಒಂದು ವರ್ಷದವರೆಗೆ. ಆಹಾರ ಪೂರಕವೆಂದು ಮಾರುವುದಾದರೂ ರೋಗ ಗುಣಪಡಿಸುವ ಹೇಳಿಕೆಗೆ ಅವಕಾಶವಿಲ್ಲ.

ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಅದು ಆಯಾ ವರ್ಷದ ಲಾಭ-ನಷ್ಟ ಖಾತೆಗೆ ಸೇರಬೇಕು. ಮುಂದೆ ಲಾಭ ಬರುವುದೆಂಬುದಕ್ಕೆ ಆ ಹಂತದಲ್ಲಿ ಆಧಾರವಿರದೆಂಬುದೇ ಕಾರಣ. ಪ್ರಯೋಗಾಲಯದ ಫಲಿತಾಂಶವನ್ನು ವ್ಯಾಪಾರಿಯೂ ಇದೇ ದೃಷ್ಟಿಯಿಂದ ಕಾಣಬೇಕು. ಅದು ಮಾದರಿ ಸರಕು ಮಾತ್ರ, ಖರೀದಿ ಆದೇಶವಲ್ಲ.

ಉಪಸಂಹಾರ

ಸಸ್ಯಸಾರದ ಉದ್ಯಮಕ್ಕೆ ಬಣ್ಣ, ಸುವಾಸನೆ, ಆಹಾರ ಪೂರಕಗಳ ಕ್ಷೇತ್ರದಲ್ಲಿ ನ್ಯಾಯಬದ್ಧ ಅವಕಾಶಗಳಿವೆ. ಆದರೆ ಕಾರ್ಮಿಕನೊಬ್ಬನ ಮಗನಿಗೆ ಮೊಣಕಾಲಿನ ಬಳಿ ವಾರಗಟ್ಟಲೆ ನೋವು, ಊತ ಇದ್ದು, ಮನೆಯವರು ಸಾರದ ಮಾತ್ರೆಯನ್ನು ನಂಬಿ ಕುಳಿತರೆ ಕಳೆದುಹೋದ ತಿಂಗಳುಗಳನ್ನು ಯಾವ ಲಾಭವೂ ಮರಳಿ ತಾರದು. ಅಂಥವರನ್ನು ಮೊದಲು ಮೂಳೆ ವೈದ್ಯರ ಬಳಿಗೆ, ಅಗತ್ಯವಾದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ತಜ್ಞ ಸಂಸ್ಥೆಗೆ ಕಳುಹಿಸುವುದು ಮಾಲೀಕರ ಕರ್ತವ್ಯವೂ ಹೌದು.