ನಿಮ್ಮ ತೂಕ ಸರಿಯಾಗಿದೆಯೆ? ದೇಹರಾಶಿ ಸೂಚ್ಯಂಕವನ್ನು ತಿಳಿಯಿರಿ



ಬಿತ್ತನೆಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಎಂದು ಕೃಷಿ ವಿಜ್ಞಾನಿಗಳಾದ ನಾವು ಹೇಳುತ್ತಲೇ ಬಂದಿದ್ದೇವೆ. ಆದರೆ ಆ ಮಣ್ಣಿನಲ್ಲಿ ದುಡಿಯುವ ದೇಹವನ್ನೂ ಪರೀಕ್ಷಿಸಿಕೊಳ್ಳಿ ಎಂದು ಹೇಳಿದ್ದು ಕಡಿಮೆ. ನಾನು ಬೇಸಾಯಶಾಸ್ತ್ರದವನು, ವೈದ್ಯನಲ್ಲ. ಆದರೂ ಈ ವಿಷಯವನ್ನು ಬರೆಯಲು ನಮ್ಮ ಮನೆಯಲ್ಲಿಯೇ ಕಾರಣ ಒದಗಿತು.

ಊರಿನಲ್ಲಿ ಬೇಸಾಯ ನೋಡಿಕೊಳ್ಳುವ ನಮ್ಮ ಅಣ್ಣನಿಗೆ ರಾಗಿ ಕೊಯ್ಲಿನಲ್ಲಿ ಕುಡುಗೋಲು ತಾಗಿ ಕಾಲಿಗೆ ಗಾಯವಾಯಿತು. ತಿಂಗಳು ಕಳೆದರೂ ಮಾಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಅಣ್ಣ ನೋಡಲು ದಪ್ಪಗಿಲ್ಲ. ಅವರ ಪ್ರತಿಯೊಂದು ತಾಕಿನ ರಸಸಾರ ನನಗೆ ಬಾಯಿಪಾಠವಾಗಿತ್ತು. ಅವರ ತೂಕವನ್ನು ಮಾತ್ರ ನಾನು ಎಂದೂ ಕೇಳಿರಲಿಲ್ಲ.

ಲೆಕ್ಕ ಹಾಕುವ ವಿಧಾನ

ಎತ್ತರಕ್ಕೆ ತಕ್ಕ ತೂಕ ಇದೆಯೆ ಎಂಬುದನ್ನು ತಿಳಿಸುವ ಅಂಕಿಯೇ ದೇಹರಾಶಿ ಸೂಚ್ಯಂಕ ಅಥವಾ ಬಿ.ಎಂ.ಐ. ಇದರ ಮೂಲ ಸೂತ್ರವನ್ನು 1830ರ ದಶಕದಲ್ಲಿ ಬೆಲ್ಜಿಯಂ ದೇಶದ ಗಣಿತಜ್ಞ ಅಡಾಲ್ಫ್ ಕೆಟ್ಲೆ ಕಂಡುಕೊಂಡರು. ಈಗಿನ ಹೆಸರನ್ನು 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಕೊಟ್ಟರು.

ಬರಿಗಾಲಿನಲ್ಲಿ ಗೋಡೆಗೆ ಒರಗಿ ನೇರವಾಗಿ ನಿಂತು, ನೆತ್ತಿಯ ಮೇಲೆ ಹಲಗೆಯಿಟ್ಟು ಗುರುತು ಹಾಕಿಸಿ ಎತ್ತರವನ್ನು ಅಳೆಯಿರಿ. ತೂಕವನ್ನು ಕಿಲೋಗ್ರಾಂನಲ್ಲಿ ಬರೆದುಕೊಳ್ಳಿ. ಎತ್ತರವನ್ನು ಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, ಬಂದ ಮೊತ್ತದಿಂದ ತೂಕವನ್ನು ಭಾಗಿಸಿ.

ಉದಾಹರಣೆಗೆ, ನಮ್ಮ ಅಣ್ಣನ ಎತ್ತರ 5 ಅಡಿ 5 ಅಂಗುಲ, ಅಂದರೆ 1.65 ಮೀಟರ್. 1.65ನ್ನು 1.65ರಿಂದ ಗುಣಿಸಿದರೆ 2.72. ತೂಕ 65 ಕಿಲೋ. 65ನ್ನು 2.72ರಿಂದ ಭಾಗಿಸಿದರೆ 23.9. ಇದೇ ಅವರ ಸೂಚ್ಯಂಕ.

ಅಂಕಿಯ ಅರ್ಥ

ಭಾರತೀಯ ವಯಸ್ಕರಿಗೆ ಸಾಮಾನ್ಯವಾಗಿ ಬಳಸುತ್ತ ಬಂದಿರುವ ಅಳತೆ ಹೀಗಿದೆ:

18.5ಕ್ಕಿಂತ ಕಡಿಮೆ: ತೂಕ ಸಾಲದು
18.5ರಿಂದ 22.9: ಸರಿಯಾದ ತೂಕ
23ರಿಂದ 24.9: ಹೆಚ್ಚಿನ ತೂಕ
25 ಮತ್ತು ಮೇಲೆ: ಬೊಜ್ಜು

ಯುರೋಪಿನವರಿಗೆ 25ರವರೆಗೂ ಚಿಂತೆಯಿಲ್ಲ ಎನ್ನುತ್ತಾರೆ. ನಮಗೆ 23ಕ್ಕೇ ಎಚ್ಚರಿಕೆ ಏಕೆ? ಪುಣೆಯ ವೈದ್ಯ ಸಿ. ಎಸ್. ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ತಮ್ಮ ದೇಹಗಳನ್ನೇ ಹೋಲಿಸಿ ತೋರಿಸಿದರು. ಇಬ್ಬರ ಸೂಚ್ಯಂಕವೂ 22.3. ಆದರೆ ದೇಹದಲ್ಲಿದ್ದ ಕೊಬ್ಬು ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2. ಅಂದರೆ ಅದೇ ತೂಕದಲ್ಲಿ ನಮ್ಮವರಿಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವುದುಂಟು. ಹೊಟ್ಟೆಯೊಳಗೆ ಸೇರುವ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಇದರಿಂದ ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಮತ್ತು ಹೃದಯದ ಕಾಯಿಲೆಗಳ ಸಂಭವ ಹೆಚ್ಚುತ್ತದೆ. ಭಾರ ಹೆಚ್ಚಾದಂತೆ ಮಂಡಿನೋವೂ ಸೇರಿಕೊಳ್ಳುತ್ತದೆ.

ಆದ್ದರಿಂದ ಸೊಂಟದ ಸುತ್ತಳತೆಯನ್ನೂ ನೋಡಬೇಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಅಣ್ಣನದು 96 ಇತ್ತು. ನೇಗಿಲ ಹಿಂದೆ ನಡೆಯುತ್ತಿದ್ದವರು ಟ್ರ್ಯಾಕ್ಟರ್ ಕರೆಸುತ್ತಾರೆ, ತೋಟಕ್ಕೆ ಮೋಟಾರ್ ಬೈಕಿನಲ್ಲಿ ಹೋಗುತ್ತಾರೆ. ಮುದ್ದೆಯ ಗಾತ್ರ ಮಾತ್ರ ಹಿಂದಿನಷ್ಟೇ ಇದೆ. ಸಾರಜನಕ ಅತಿಯಾದ ಭತ್ತದ ಪೈರು ಕಣ್ಣಿಗೆ ಸೊಂಪಾಗಿ ಕಂಡರೂ ಕೊನೆಗೆ ನೆಲಕ್ಕೆ ಮಲಗುವುದನ್ನು ನೀವು ಬಲ್ಲಿರಿ.

ತೂಕ ಕಡಿಮೆಯಿದ್ದರೂ ಅಪಾಯ

ಅಣ್ಣನ ಲೆಕ್ಕ ಮುಗಿದ ಮೇಲೆ ಅತ್ತಿಗೆಯವರನ್ನೂ ತೂಗಿದೆವು. ಎತ್ತರ 1.52 ಮೀಟರ್, ತೂಕ 41 ಕಿಲೋ, ಸೂಚ್ಯಂಕ 17.7. ಸಣ್ಣಗಿದ್ದಾರೆ, ಚುರುಕಾಗಿದ್ದಾರೆ ಎಂದು ಇಷ್ಟು ವರ್ಷ ನಾವೆಲ್ಲ ಮೆಚ್ಚಿಕೊಂಡಿದ್ದೆವು. ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಕಡೆಯಲ್ಲಿ ಉಣ್ಣುವವರು ಅವರು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇದು ನಮ್ಮೊಬ್ಬರ ಮನೆಯ ಸ್ಥಿತಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ಹಳ್ಳಿಗಳ ಪ್ರತಿ 100 ಮಹಿಳೆಯರಲ್ಲಿ ಸುಮಾರು 21 ಮಂದಿಯ ಸೂಚ್ಯಂಕ 18.5ಕ್ಕಿಂತ ಕಡಿಮೆ, ಸುಮಾರು 20 ಮಂದಿಯದು 25 ಅಥವಾ ಅದಕ್ಕಿಂತ ಹೆಚ್ಚು. ತೂಕ ಸಾಲದವರಲ್ಲಿ ರೋಗ ತಡೆಯುವ ಶಕ್ತಿ ಕುಂದುತ್ತದೆ, ಕ್ಷಯರೋಗ ಬೇಗ ತಗಲುತ್ತದೆ. ತಾಯಿಯ ತೂಕ ಕಡಿಮೆಯಾದರೆ ಹುಟ್ಟುವ ಮಗುವಿನ ತೂಕವೂ ಕಡಿಮೆಯಾಗುವ ಸಂಭವವಿದೆ.

ಗಮನಿಸಬೇಕಾದ ಅಂಶಗಳು

1. ಈ ಪಟ್ಟಿ 18 ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಅನ್ವಯಿಸುವುದಿಲ್ಲ.

2. ರಸಸಾರವೊಂದರಿಂದಲೇ ಮಣ್ಣಿನ ಗುಣವೆಲ್ಲ ತಿಳಿಯದು. ಹಾಗೆಯೇ ಸೂಚ್ಯಂಕವೊಂದರಿಂದಲೇ ರೋಗವನ್ನು ನಿರ್ಧರಿಸಲಾಗದು. ಮೈಕಟ್ಟು ಗಟ್ಟಿಯಿರುವ ಹಮಾಲಿಯ ತೂಕ ಸ್ನಾಯುವಿನಿಂದಲೂ ಹೆಚ್ಚಿರಬಹುದು.

3. 30 ವರ್ಷ ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಒತ್ತಡ, ಸಕ್ಕರೆ ಅಂಶ ಪರೀಕ್ಷಿಸಿಕೊಳ್ಳುವುದು ಒಳಿತು.

4. ತೂಕ ಹೆಚ್ಚಿದ್ದರೆ ಮುದ್ದೆ, ಅನ್ನ ತಗ್ಗಿಸಿ ಸೊಪ್ಪು, ತರಕಾರಿ, ಕಾಳು ಹೆಚ್ಚಿಸಿ. ಸಕ್ಕರೆ, ಎಣ್ಣೆ ಮಿತವಾಗಿರಲಿ. ಹೊಲಕ್ಕೆ ನಡೆದೇ ಹೋಗಿ.

5. ತೂಕ ಸಾಲದವರಿಗೆ ಹೆಸರು, ಹುರುಳಿ, ಕಡಲೆಕಾಯಿ, ಮೊಟ್ಟೆ, ಹಾಲು ಬೇಕು. ಡೈರಿಗೆ ಹಾಕುವ ಮೊದಲು ಮನೆಗೆ ಬೇಕಾದ ಹಾಲನ್ನು ತೆಗೆದಿಡಿ. ತೂಕ ತಾನಾಗಿ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ.

ಅಣ್ಣನ ಗಾಯ ಚಿಕಿತ್ಸೆಯಿಂದ ಮಾದಿದೆ. ಈಗ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಮುಂದಿನ ಸಲ ಕಾಳಿನ ಚೀಲ ತೂಗಲು ತಕ್ಕಡಿ ಮನೆಗೆ ಬಂದಾಗ ನೀವೂ ಅದರ ಮೇಲೆ ನಿಲ್ಲಿ. ಮನೆಯವರನ್ನೂ ನಿಲ್ಲಿಸಿ, ಕಡೆಯಲ್ಲಿ ಉಣ್ಣುವವರನ್ನು ಮೊದಲು.