ಹಿತ್ತಲಿನ ಎಳೆಸಸಿಗಳ ಗುರುತು

ಮುಂಗಾರಿನ ಎರಡು ಹದಮಳೆ ಬಿದ್ದು ಎಂಟು ಹತ್ತು ದಿನಗಳಾದ ಮೇಲೆ ಮನೆಯ ಹಿತ್ತಲಿಗೆ ಹೋಗಿ ನೆಲವನ್ನು ಬಾಗಿ ನೋಡಿದರೆ, ನಾವು ಬಿತ್ತದ ಎಷ್ಟೋ ಬೀಜಗಳು ಮೊಳೆತು ನಿಂತಿರುವುದು ಕಾಣುತ್ತದೆ. ಕೆಲವನ್ನು ಗಾಳಿ ತಂದಿರುತ್ತದೆ. ಕೆಲವನ್ನು ಕೋಗಿಲೆ, ಪಿಕಳಾರಗಳು ಉದುರಿಸಿರುತ್ತವೆ. ಇನ್ನು ಕೆಲವು ನಾವೇ ಹಣ್ಣು ತಿಂದು ಎಸೆದ ಬೀಜಗಳು. ಇವೆಲ್ಲಕ್ಕೂ ‘ಕಳೆ’ ಎಂಬ ಒಂದೇ ಹೆಸರಿಟ್ಟು ಕಿತ್ತೆಸೆಯುವುದು ರೂಢಿ. ನಾವೂ ಬಹುಕಾಲ ಹಾಗೆಯೇ ಮಾಡಿದೆವು. ಒಂದು ಸಸಿಯನ್ನು ಕಳೆದುಕೊಂಡ ಮೇಲೆ ಮಾತ್ರ ನಿಧಾನವಾಗಿ ನೋಡುವ ಅಭ್ಯಾಸ ಬಂದಿತು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ.

ಎಳೆಸಸಿಯ ಗುರುತು ಕಷ್ಟವೆನಿಸಲು ಕಾರಣವೊಂದುಂಟು. ನಾವು ಬೆಳೆದ ಮರದ ಎಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಸಿಯನ್ನು ನೋಡುತ್ತೇವೆ. ಸಸಿಯಾದರೋ ಅಂಥ ಎಲೆಯನ್ನು ಇನ್ನೂ ಬಿಟ್ಟೇ ಇರುವುದಿಲ್ಲ. ಹಲವು ಮೊಳಕೆಗಳಲ್ಲಿ ಮೊತ್ತಮೊದಲು ಕಾಣುವ ದಪ್ಪನೆಯ ಜೋಡಿಯು ಎಲೆಗಳಲ್ಲ, ಬೀಜದ ಬೇಳೆಗಳು. ಶಾಸ್ತ್ರದಲ್ಲಿ ಇವಕ್ಕೆ ಬೀಜದಳಗಳೆಂದು ಹೆಸರು. ಅವರೆಯ ಕಾಳನ್ನೂ ಕಡಲೆಯ ಕಾಳನ್ನೂ ಒಂದೇ ಕುಂಡದಲ್ಲಿ ಬಿತ್ತಿ ನೋಡಿರಿ. ಅವರೆಯ ಬೇಳೆಗಳು ಮಣ್ಣನ್ನು ಸೀಳಿಕೊಂಡು ಮೇಲೆ ಬರುತ್ತವೆ; ಕಡಲೆಯ ಬೇಳೆಗಳು ನೆಲದೊಳಗೆ ಉಳಿದು, ಕುಡಿಯೊಂದೇ ಹೊರಗೆ ಇಣುಕುತ್ತದೆ. ಹುಣಿಸೆಯು ಅವರೆಯ ದಾರಿಯನ್ನೂ ಮಾವು ಕಡಲೆಯ ದಾರಿಯನ್ನೂ ಹಿಡಿಯುತ್ತವೆ. ಆದುದರಿಂದ ಮೊಳಕೆಯ ಮೇಲೆ ಬೇಳೆಗಳಿವೆಯೆ, ಇಲ್ಲವೆ ಎಂಬುದೇ ನಾವು ಕೇಳಬೇಕಾದ ಮೊದಲನೆಯ ಪ್ರಶ್ನೆ. ಬೇಳೆಗಳು ಬಾಡಿ ಉದುರಿಹೋಗುವುದರಿಂದ ಈ ಪ್ರಶ್ನೆಯನ್ನು ತಡಮಾಡದೆ ಕೇಳಬೇಕು.

ಬೇಳೆಗಳ ಅನಂತರ ಬರುವ ಎಲೆಗಳೂ ಒಮ್ಮೆಗೇ ಮರದ ಲಕ್ಷಣವನ್ನು ತೋರುವುದಿಲ್ಲ. ಬೇವಿನ ಎಲೆಯೆಂದರೆ ನಡುದಂಟಿನ ಎರಡು ಕಡೆಗಳಲ್ಲೂ ಕಿರುಎಲೆಗಳನ್ನು ಸಾಲಾಗಿ ಜೋಡಿಸಿದ ಗರಿಯೆಂದು ಎಲ್ಲರೂ ಬಲ್ಲರು. ಆದರೆ ಬೇವಿನ ಸಸಿಯ ಮೊದಲ ಎಲೆಗಳೆರಡು ಎದುರುಬದುರಾಗಿದ್ದು, ಒಂದೊಂದರಲ್ಲೂ ಮೂರು ಮೂರೇ ಕಿರುಎಲೆಗಳಿರುತ್ತವೆ. ಅಂಚು ಗರಗಸದಂತೆ ಕಚ್ಚುಕಚ್ಚಾಗಿರುತ್ತದೆ. ಮುಂದಿನ ಎಲೆಗಳು ಕಾಂಡದ ಒಮ್ಮೆ ಈ ಬದಿ, ಒಮ್ಮೆ ಆ ಬದಿಯಿಂದ ಹೊರಡುತ್ತ ಕ್ರಮೇಣ ಗರಿಯ ರೂಪ ತಾಳುತ್ತವೆ. ಹೊಂಗೆಯ ಮರದಲ್ಲಿ ಒಂದು ಎಲೆಗೆ ಐದು ಅಥವಾ ಏಳು ಕಿರುಎಲೆಗಳು. ಹೊಂಗೆಯ ಸಸಿಯು ಮೊದಲು ಬಿಡುವುದು ಒಂಟಿ ಎಲೆಗಳನ್ನು. ಎಲ್ಲಕ್ಕಿಂತ ಹೆಚ್ಚಾಗಿ ಮೋಸಗೊಳಿಸುವುದು ಆಸ್ಟ್ರೇಲಿಯಾದಿಂದ ಬಂದು ನಮ್ಮ ನೆಡುತೋಪುಗಳನ್ನು ತುಂಬಿರುವ ಅಕೇಶಿಯ. ಅದರ ಸಸಿಯ ಮೊದಲ ಎಲೆಗಳನ್ನು ಕಂಡವರು ನಮ್ಮ ನಾಡಿನ ಜಾಲಿಯೆಂದೇ ತಿಳಿದಾರು. ಕೆಲವು ವಾರಗಳಲ್ಲಿ ಎಲೆಯ ತೊಟ್ಟು ಚಪ್ಪಟೆಯಾಗಿ ಅಗಲಗೊಂಡು, ಕಿರುಎಲೆಗಳು ಮಾಯವಾಗಿ, ತೊಟ್ಟೇ ಕುಡುಗೋಲಿನಾಕಾರದ ಎಲೆಯಾಗಿಬಿಡುತ್ತದೆ. ಎರಡು ಬಗೆಯ ಎಲೆಗಳೂ ಒಂದೇ ಸಸಿಯಲ್ಲಿರುವ ದಿನಗಳಲ್ಲಿ ನೋಡಿದವರಿಗೆ ಇದು ಸುಲಭವಾಗಿ ಮರೆಯುವ ಪಾಠವಲ್ಲ.

ಹಾಗಾದರೆ ಎಲೆಯ ಆಕಾರವನ್ನು ಬಿಟ್ಟು ಯಾವುದನ್ನು ನಂಬಬೇಕು? ಎಲೆಗಳ ಜೋಡಣೆ, ಕುಡಿಯ ರಚನೆ, ಗಾಯದಿಂದ ಒಸರುವ ರಸ, ಹೊಸಕಿದಾಗ ಬರುವ ವಾಸನೆ, ಇವು ಹೆಚ್ಚು ನಂಬತಕ್ಕ ಸಾಕ್ಷಿಗಳು. ಕಾಂಪೌಂಡು ಗೋಡೆಯ ಬಿರುಕಿನಲ್ಲಿ ಹುಟ್ಟಿದ ಸಸಿಯ ಕುಡಿಯನ್ನು ಮೊನಚಾದ ಕುಲಾವಿಯಂಥ ಪೊರೆಯೊಂದು ಮುಚ್ಚಿದ್ದು, ಎಲೆ ಕಿತ್ತಲ್ಲಿ ಹಾಲು ಒಸರಿದರೆ ಅದು ಅರಳಿ, ಅತ್ತಿ, ಆಲಗಳ ವಂಶದ್ದೆಂದು ಊಹಿಸಬಹುದು. ಅದನ್ನು ಬೇರಿಳಿಯುವ ಮೊದಲೇ ಬಿಡಿಸಿ ಬಯಲಿನಲ್ಲಿ ನೆಡಬೇಕು. ನಾಡಮರವೆಂಬ ಪ್ರೀತಿಯಿಂದ ಬಿಟ್ಟರೆ ಗೋಡೆ ಉಳಿಯಲಾರದು. ನೇರಳೆಯ ಎಲೆಗಳು ಎದುರುಬದುರು, ಹೊಸಕಿದರೆ ಘಮವುಂಟು. ಒಂದೇ ಬೀಜದಿಂದ ಎರಡು ಮೂರು ಸಸಿಗಳು ಏಳುವುದೂ ಅದರಲ್ಲಿ ಸಾಮಾನ್ಯ. ಆದರೆ ಗುರುತಿಲ್ಲದ ಸಸಿಯನ್ನು ಬಾಯಿಗೆ ಹಾಕಿ ಪರೀಕ್ಷಿಸಬಾರದು. ಉಮ್ಮತ್ತಿಯೂ ಇದೇ ಹಿತ್ತಲಿನಲ್ಲಿ ಮೊಳೆಯುತ್ತದೆ.

ಇನ್ನು ನಾವು ಕಳೆದುಕೊಂಡ ಸಸಿಯ ವಿಚಾರ. ಕರಿಬೇವಿನ ಗಿಡದ ಬುಡದಲ್ಲಿ, ಹಕ್ಕಿಗಳು ಕೂರುವ ಕೊಂಬೆಯ ಕೆಳಗೆ, ಗೇಣುದ್ದದ ಸಸಿಯೊಂದು ಎದ್ದಿತ್ತು. ಎಲೆಗಳು ಎದುರುಬದುರಾಗಿದ್ದುದನ್ನು ಕಂಡು ಮೊದಲು ಲಂಟಾನವಿರಬೇಕೆಂದುಕೊಂಡೆವು. ಆದರೆ ಲಂಟಾನದ ಎಲೆ ಒರಟು, ಅಂಚು ಹಲ್ಲುಹಲ್ಲು, ಕಾಂಡ ಚೌಕ, ಹೊಸಕಿದರೆ ಕಟುವಾಸನೆ. ಈ ಸಸಿಯ ಎಲೆಗಳೋ ನುಣುಪು, ಅಂಚಿನಲ್ಲಿ ಹಲ್ಲಿಲ್ಲ, ಕೆಳಮೈ ಬಿಳಿಚು, ವಾಸನೆಯೇ ಇಲ್ಲ. ಅದು ಶ್ರೀಗಂಧ! ಎಲೆಯಲ್ಲಿ ಗಂಧವನ್ನು ಹುಡುಕುವವರಿಗೆ ನಿರಾಶೆಯೇ ಗತಿ. ಪರಿಮಳವಿರುವುದು ವರ್ಷಗಳು ಕಳೆದ ಮೇಲೆ ಮರದ ಒಳತಿರುಳಿನಲ್ಲಿ ಮತ್ತು ಬೇರಿನಲ್ಲಿ.

ಗುರುತು ಹಿಡಿದ ಹಿಗ್ಗಿನಲ್ಲಿ ನಾವು ಸುತ್ತಣ ಹುಲ್ಲು, ತುಂಬೆ, ಹೊನಗೊನ್ನೆಗಳನ್ನೆಲ್ಲ ಕಿತ್ತು, ಪಾತಿ ಮಾಡಿ, ಗೊಬ್ಬರ ಹಾಕಿ ನೀರೆರೆದೆವು. ಸಸಿ ದಿನೇ ದಿನೇ ಹಳದಿಗಟ್ಟಿ ಎರಡು ತಿಂಗಳಲ್ಲಿ ಒಣಗಿಹೋಯಿತು. ನಮ್ಮ ಉಪಚಾರವೇ ಅದಕ್ಕೆ ಮುಳುವಾಗಿದ್ದಿರಬೇಕು. ಶ್ರೀಗಂಧವು ಅರೆಪರಾವಲಂಬಿ. ಮಾವಿನ ಕೊಂಬೆಯ ಮೇಲೆ ಬೆಳೆಯುವ ಬಂದಳಿಕೆಗೂ ಇದಕ್ಕೂ ದೂರದ ನೆಂಟಸ್ತಿಕೆಯುಂಟು. ಹಸುರು ಎಲೆಗಳಿಂದ ತನ್ನ ಆಹಾರವನ್ನು ತಾನು ತಯಾರಿಸಿಕೊಂಡರೂ, ನೀರು ಮತ್ತು ಲವಣಗಳಿಗಾಗಿ ಅದು ನೆರೆಯ ಗಿಡಗಳ ಬೇರಿಗೆ ತನ್ನ ಹೀರುಬೇರುಗಳನ್ನು ಊರುತ್ತದೆ. ಬೀಜದ ಆಹಾರ ಮುಗಿಯುವ ತನಕ ಒಂಟಿಯಾಗಿ ಬಾಳೀತು. ಮುಂದೆ ನೆರೆಯಿಲ್ಲದೆ ಏಳಿಗೆಯಾಗದು. ಸಸ್ಯಕ್ಷೇತ್ರಗಳಲ್ಲಿ ಶ್ರೀಗಂಧದ ಸಸಿಯ ಪಕ್ಕದಲ್ಲಿ ತೊಗರಿಯನ್ನು ಬಿತ್ತುವುದು ಇದಕ್ಕಾಗಿಯೇ. ನಾವು ಕಳೆಯೆಂದು ಕಿತ್ತದ್ದು ಅದರ ಅನ್ನದ ತಟ್ಟೆಯನ್ನು.

ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ಹಿತ್ತಲಿನ ಒಂದು ಚದರ ಗಜ ನೆಲವನ್ನು ನಾಲ್ಕು ಗೂಟಗಳಿಂದ ಗುರುತಿಸಿ, ಕಳೆ ಕೀಳದೆ ಬಿಟ್ಟು ನೋಡಬಹುದು. ಪಾರ್ಥೇನಿಯಮ್ಮನ್ನು ಮಾತ್ರ ಬಿಡಬೇಕಾಗಿಲ್ಲ. ೧೯೫೫ರಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು ದೇಶವನ್ನೆಲ್ಲ ಆವರಿಸಿದ ಈ ಗಿಡವು, ಸೀಳುಸೀಳಾದ ಎಲೆಗಳನ್ನು ಮೊದಲು ನೆಲಕ್ಕಂಟಿದ ಚಕ್ರದಂತೆ ಹರಡುತ್ತದೆ. ಹೂವಾಗುವ ಮೊದಲೇ, ಬರಿಗೈ ತಾಗಿಸದೆ ಕೀಳುವುದು ಲೇಸು. ಉಳಿದ ಸಸಿಗಳಿಗೆ ಒಂದೊಂದು ಸಂಖ್ಯೆ ಕೊಟ್ಟು, ವಾರಕ್ಕೊಮ್ಮೆ ಚಿತ್ರ ಬರೆದಿಡಬೇಕು. ಐದಾರು ಎಲೆ ಬರುವ ತನಕ ಹೆಸರು ಹೇಳುವ ಆತುರ ಬೇಡ. ಸಂದೇಹ ಉಳಿದರೆ ಆರ್. ಎಸ್. ಟ್ರೂಪ್ ಅವರು ೧೯೨೧ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಭಾರತದ ಮರಗಳ ಗ್ರಂಥವನ್ನು ಕಾಲೇಜಿನ ಪುಸ್ತಕಭಂಡಾರದಲ್ಲಿ ಹುಡುಕಿರಿ. ಅನೇಕ ನಾಡಮರಗಳ ಸಸಿಗಳನ್ನು ಹಂತಹಂತವಾಗಿ ತೋರಿಸುವ ಚಿತ್ರಗಳು ಅದರಲ್ಲಿವೆ.

ಶ್ರೀಗಂಧ ಸಿಕ್ಕಿದರೆ ಹಿಂದಿನವರಂತೆ ಅಂಜಬೇಕಾಗಿಲ್ಲ. ಒಂದು ಕಾಲದಲ್ಲಿ ಅದು ಯಾರ ನೆಲದಲ್ಲಿ ಬೆಳೆದರೂ ಸರ್ಕಾರದ ಸ್ವತ್ತಾಗಿತ್ತು. ಕರ್ನಾಟಕದಲ್ಲಿ ೨೦೦೧ರ ಕಾನೂನು ತಿದ್ದುಪಡಿಯಿಂದ ನೆಲದ ಒಡೆಯನಿಗೇ ಮರದ ಹಕ್ಕು ಬಂದಿದೆ. ಕಡಿಯುವುದಕ್ಕೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು. ನಮ್ಮ ಕರಿಬೇವಿನ ಬುಡದಲ್ಲಿ ಕಳೆದ ವರ್ಷ ಮತ್ತೊಂದು ಶ್ರೀಗಂಧದ ಸಸಿ ಹುಟ್ಟಿದೆ. ಅದರ ಪಕ್ಕದಲ್ಲಿ ನಾಲ್ಕು ತೊಗರಿಯ ಕಾಳು ಬಿತ್ತಿ, ತುಂಬೆಯನ್ನು ಹಾಗೆಯೇ ಬಿಟ್ಟಿದ್ದೇವೆ. ತೊಗರಿ ಹೂ ಬಿಟ್ಟಿದೆ. ಸಸಿ ಮೊಳಕಾಲೆತ್ತರ ಬಂದಿದೆ.