ಇಪ್ಪತ್ತನಾಲ್ಕು ಡಿಗ್ರಿಯ ಪಾಠ

ಬಸವಕಲ್ಯಾಣ, ಹುಮನಾಬಾದುಗಳ ಬೇಸಗೆಯಲ್ಲಿ ಹೊರಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮುಟ್ಟುವುದುಂಟು. ಅಂಥ ಮಧ್ಯಾಹ್ನ ಬಟ್ಟೆಯಂಗಡಿಯೊಂದನ್ನು ಹೊಕ್ಕರೆ ಅಲ್ಲಿಯ ಎ.ಸಿ. ಯಂತ್ರವು 18 ಡಿಗ್ರಿಯಲ್ಲಿ ನಡೆಯುತ್ತಿರಬಹುದು. ದೇಹಕ್ಕೆ ಅಷ್ಟು ತಂಪು ಬೇಕಾಗಿಲ್ಲ. ಮೈ ನಡುಗಿಸುವ ತಂಪೇ ದೊಡ್ಡ ಅಂಗಡಿಯ ಲಕ್ಷಣವೆಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು.

ಇದಕ್ಕೆ ತೆರಬೇಕಾದ ಬೆಲೆಯೆಷ್ಟು? ಗೋಡೆಯ ಮೂಲಕ ಒಳಬರುವ ಶಾಖವು ಒಳಹೊರಗಿನ ಉಷ್ಣತೆಗಳ ಅಂತರವನ್ನು ಅನುಸರಿಸುತ್ತದೆ. ಒಳಗೆ 18 ಡಿಗ್ರಿ ಇದ್ದರೆ ಅಂತರ 22. 24 ಇದ್ದರೆ ಕೇವಲ 16. ಯಂತ್ರವು ಹೊರದೂಡಬೇಕಾದ ಈ ಶಾಖದಲ್ಲಿ ಕಾಲು ಭಾಗಕ್ಕೂ ಹೆಚ್ಚು ಉಳಿತಾಯವಾಯಿತು! ಒಂದೊಂದು ಡಿಗ್ರಿ ಏರಿಸಿದಂತೆ ವಿದ್ಯುತ್ತು ಸುಮಾರು 6 ಶೇಕಡಾ ಉಳಿಯುವುದೆಂದು ಭಾರತ ಸರ್ಕಾರದ ಇಂಧನ ದಕ್ಷತಾ ಬ್ಯೂರೋದ ಅಂದಾಜು.

ಹಾಗೆಂದು ಸರ್ಕಾರವು 18 ಡಿಗ್ರಿಯನ್ನು ನಿಷೇಧಿಸಲಿಲ್ಲ. 2020ರ ಜನವರಿ 1ರಿಂದ, ಬ್ಯೂರೋದ ನಕ್ಷತ್ರ ಚೀಟಿಯುಳ್ಳ ಕೊಠಡಿ ಎ.ಸಿ.ಗಳ ಮೊದಲ ಹೊಂದಾಣಿಕೆ 24 ಡಿಗ್ರಿ ಇರಬೇಕೆಂದು ವಿಧಿಸಿತು. ಬೇಕಾದವರು ಗುಂಡಿಯೊತ್ತಿ ಬದಲಿಸಬಹುದು. ಆದರೆ ಇದ್ದುದನ್ನು ಇದ್ದಂತೆಯೇ ಬಿಡುವುದು ಮನುಷ್ಯ ಸ್ವಭಾವ. ಆಯ್ಕೆಯನ್ನು ಕಸಿದುಕೊಳ್ಳದೆ ಮನಸ್ಸನ್ನು ಒಂದು ಕಡೆಗೆ ವಾಲಿಸುವ ಇಂಥ ನಯವಾದ ಪ್ರೇರಣೆಯನ್ನು ಥೇಲರ್ ಮತ್ತು ಸನ್‌ಸ್ಟೀನ್ ಎಂಬ ವಿದ್ವಾಂಸರು 2008ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ನೆರೆಹೊರೆಯ ರೂಢಿಯೂ ಬಲವಾದುದು. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೋಡಿ. ಕ್ಯಾಲಿಫೋರ್ನಿಯದ ಸ್ಯಾನ್ ಮಾರ್ಕೋಸಿನಲ್ಲಿ ಸುಮಾರು 290 ಮನೆಗಳವರಿಗೆ ನೆರೆಯವರ ಸರಾಸರಿ ವಿದ್ಯುತ್ ಬಳಕೆಯನ್ನು ತಿಳಿಸಲಾಯಿತು. ಹೆಚ್ಚು ಬಳಸುತ್ತಿದ್ದವರು ಇಳಿಸಿದರು. ಆದರೆ ಕಡಮೆ ಬಳಸುತ್ತಿದ್ದವರು ಏರಿಸಿಬಿಟ್ಟರು! ಕೆಲವು ಮನೆಗಳ ಚೀಟಿಯಲ್ಲಿ ಮೆಚ್ಚುಗೆಯ ಅಥವಾ ಬೇಸರದ ಮುಖದ ಚಿತ್ರವೂ ಇತ್ತು. ಅಲ್ಲಿ ನಗುಮುಖವನ್ನು ಕಂಡ ಮಿತವ್ಯಯಿಗಳು ಮಿತವ್ಯಯಿಗಳಾಗಿಯೇ ಉಳಿದರು. ಎಲ್ಲರೂ ಮಾಡುವುದೇನೆಂಬುದಷ್ಟೇ ಸಾಲದು. ಸಮಾಜವು ಮೆಚ್ಚುವುದೇನೆಂಬುದೂ ತಿಳಿಯಬೇಕು.

ಆದುದರಿಂದ ಸರ್ಕಾರದ ಪ್ರೇರಣೆ ಗುಂಡಿಯವರೆಗೆ ಮಾತ್ರ. ಅಲ್ಲಿಂದ ಮುಂದಿನದು ಊರಿನ ರೂಢಿ. ಚಳಿಯೇ ಪ್ರತಿಷ್ಠೆಯಾಗಿರುವ ಅಂಗಡಿಯಲ್ಲಿ 24 ಎಂಬ ಅಂಕಿ ಬಹುಕಾಲ ಬಾಳದು. ಪ್ರೇರಣೆಯು ಬಹಿರಂಗವಾಗಿರಬೇಕೆಂಬುದೂ ಮುಖ್ಯ: ಕಾರಣವನ್ನು ಬಲ್ಲ ಪ್ರಜೆಯು ಒಪ್ಪಬಲ್ಲ, ಪ್ರಶ್ನಿಸಲೂ ಬಲ್ಲ.

ಅಭ್ಯಾಸ: ನಿಮ್ಮ ಊರಿನ ಹತ್ತು ಕಡೆಗಳಲ್ಲಿ ಎ.ಸಿ. ಯಾವ ಡಿಗ್ರಿಯಲ್ಲಿ ನಡೆಯುತ್ತಿದೆ, ಅದನ್ನು ಗೊತ್ತುಪಡಿಸಿದವರು ಯಾರು ಎಂಬುದನ್ನು ಕೇಳಿ ಪಟ್ಟಿಮಾಡಿರಿ.